ಅರ್ಧ ಮಿಲಿಮೀಟರಿನ ಲೆಕ್ಕ: ಹಲ್ಲಿನ ಮೇಲೆ ಬ್ರಾಕೆಟ್ ಕೂರಿಸುವ ಉಪಕರಣಗಳು ಏನನ್ನು ಅಳೆಯುತ್ತವೆ, ಏನನ್ನು ಬಿಡುತ್ತವೆ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಆ ದಿನದ ನೆನಪು ಸಾಮಾನ್ಯವಾಗಿ ಹೀಗಿರುತ್ತದೆ: ತುಟಿ ಕೆನ್ನೆಗಳನ್ನು ಹಿಗ್ಗಿಸಿ ಹಿಡಿದ ಪ್ಲಾಸ್ಟಿಕ್ ಚೌಕಟ್ಟು, ಎಂಜಲು ಹೀರುವ ಕೊಳವೆಯ ಸದ್ದು, ಒಂದೊಂದೇ ಹಲ್ಲಿನ ಮೇಲೆ ಬೀಳುವ ನೀಲಿ ಬೆಳಕು. ಆ ಬೆಳಕು ಬೀಳುವ ಮುಂಚಿನ ಕೆಲವು ಸೆಕೆಂಡುಗಳು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಅಂಟು ಇನ್ನೂ ಮೆತ್ತಗಿರುತ್ತದೆ. ಬ್ರಾಕೆಟ್, ಅಂದರೆ ತಂತಿಯನ್ನು ಹಿಡಿದಿಡಲು ಹಲ್ಲಿಗೆ ಅಂಟಿಸುವ ಪುಟ್ಟ ತುಣುಕು, ಹಲ್ಲಿನ ಮೇಲೆ ಮೆಲ್ಲಗೆ ಜಾರಬಲ್ಲದು. ವೈದ್ಯರು ಚೂಪು ಕಡ್ಡಿಯಿಂದ ಅದನ್ನು ಒಂಚೂರು ಮೇಲಕ್ಕೆ, ಒಂಚೂರು ಆಚೆಗೆ ತಳ್ಳಿ, ಪುಟ್ಟ ಕನ್ನಡಿಯಲ್ಲಿ ನೋಡಿ, ಮತ್ತೆ ತಳ್ಳುತ್ತಾರೆ. ಮುಂದಿನ ಒಂದೂವರೆ ಎರಡು ವರ್ಷ ಆ ಹಲ್ಲು ಎತ್ತ ಸಾಗಬೇಕು ಎಂಬುದು ಬಹುಪಾಲು ಆಗಲೇ ತೀರ್ಮಾನವಾಗಿಬಿಡುತ್ತದೆ.

ಈ ಸೆಕೆಂಡುಗಳ ಕೆಲಸವನ್ನು ಕರಾರುವಾಕ್ಕಾಗಿ ಮಾಡಿಕೊಡುತ್ತೇವೆ ಎನ್ನುವ ಉಪಕರಣಗಳ ಸಾಲು ಈಗ ಉದ್ದವಾಗಿದೆ. ಕೈಯಲ್ಲಿ ಹಿಡಿಯುವ ಲೋಹದ ಗೇಜಿನಿಂದ ಹಿಡಿದು, ಬಾಯಿಯ ಸ್ಕ್ಯಾನ್ ಆಧರಿಸಿ ಮುದ್ರಿಸಿದ ಟ್ರೇಗಳವರೆಗೆ, ಎಲ್ಲದರ ಭರವಸೆಯೂ ನಿಖರತೆಯೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಹಲವು ಒಳ್ಳೆಯ ಉಪಕರಣಗಳು, ಕೆಲವಂತೂ ಇಲ್ಲದೆ ಆಗದಂಥವು. ಆದರೆ ಗೊತ್ತುಪಡಿಸಿದ ಜಾಗಕ್ಕೆ ಬ್ರಾಕೆಟನ್ನು ತಲುಪಿಸುವುದು ಒಂದು ಕೆಲಸ, ಆ ಜಾಗ ಯಾವುದೆಂದು ಗೊತ್ತುಪಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಆಗಿರುವ ಪ್ರಗತಿಯನ್ನು ತೋರಿಸಿ ಎರಡನೆಯದೂ ಬಗೆಹರಿಯಿತು ಎನ್ನುವಂತೆ ಮಾತಾಡುವುದು ಹೆಚ್ಚುತ್ತಿದೆ. ಅದು ರೋಗಿಗೂ, ಈಗಷ್ಟೇ ಕಲಿಯುತ್ತಿರುವ ವೈದ್ಯರಿಗೂ ಒಳ್ಳೆಯದಲ್ಲ.

ಜಾಗಕ್ಕೆ ಇಷ್ಟೊಂದು ಬೆಲೆ ಬಂದದ್ದು ಹೇಗೆ? ಎಡ್ವರ್ಡ್ ಆ್ಯಂಗಲ್ 1920ರ ದಶಕದಲ್ಲಿ ರೂಪಿಸಿದ ಎಡ್ಜ್‌ವೈಸ್ ಪದ್ಧತಿಯಲ್ಲಿ ಬ್ರಾಕೆಟ್ ಎಂದರೆ ತಂತಿ ಕೂರುವ ಒಂದು ಆಯತಾಕಾರದ ಗಾಡಿ, ಅಂದರೆ ತೋಡು, ಅಷ್ಟೇ. ಯಾವ ಹಲ್ಲು ಎಷ್ಟು ವಾಲಬೇಕು, ಎಷ್ಟು ಒಳಗಿರಬೇಕು, ಬೇರು ಯಾವ ಕಡೆ ತಿರುಗಬೇಕು ಎಂಬುದನ್ನೆಲ್ಲ ವೈದ್ಯರು ತಂತಿಯಲ್ಲೇ ಬಾಗಿಸಿ ಬರೆಯುತ್ತಿದ್ದರು. ಬ್ರಾಕೆಟ್ ಒಂದಿಷ್ಟು ಆಚೀಚೆ ಆದರೂ ಮುಂದಿನ ಭೇಟಿಯಲ್ಲಿ ತಂತಿಗೆ ಒಂದು ಬಾಗು ಕೊಟ್ಟರೆ ಸರಿಹೋಗುತ್ತಿತ್ತು.

1972ರಲ್ಲಿ ಲಾರೆನ್ಸ್ ಆ್ಯಂಡ್ರ್ಯೂಸ್ ಒಂದು ಲೇಖನ ಪ್ರಕಟಿಸಿದರು. ಯಾವ ತಂತಿಯನ್ನೂ ಹಾಕಿಸಿಕೊಳ್ಳದೆ ತಾನೇ ಚೆನ್ನಾಗಿ ಜೋಡಣೆಯಾಗಿದ್ದ 120 ಹಲ್ಸಾಲುಗಳ ಅಚ್ಚುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸಮಾನವಾಗಿ ಕಂಡ ಆರು ಲಕ್ಷಣಗಳನ್ನು ಅವರು ಪಟ್ಟಿಮಾಡಿದ್ದರು. ಅಲ್ಲಿಂದ ಹುಟ್ಟಿದ್ದೇ ಸ್ಟ್ರೈಟ್‌ವೈರ್ ಪದ್ಧತಿ. ಇದರಲ್ಲಿ ಪ್ರತಿ ಹಲ್ಲಿಗೂ ಬೇರೆ ಬೇರೆ ಬ್ರಾಕೆಟ್. ಆ ಹಲ್ಲಿನ ವಾಲು, ದಪ್ಪ, ಬೇರಿನ ಓರೆ ಎಲ್ಲವೂ ಬ್ರಾಕೆಟಿನ ಕೆತ್ತನೆಯಲ್ಲೇ ಇರುತ್ತದೆ. ತಂತಿ ನೆಟ್ಟಗಿದ್ದರೆ ಸಾಕು. ಇಂದು ಜಗತ್ತಿನಲ್ಲಿ ಬಳಕೆಯಲ್ಲಿರುವ ಬಹುತೇಕ ಬ್ರಾಕೆಟ್‌ಗಳು ಈ ಕುಲದವೇ.

ಕೈಕೆಲಸ ಕಡಿಮೆಯಾಯಿತು, ನಿಜ. ಆದರೆ ಒಂದು ಷರತ್ತು ಸೇರಿಕೊಂಡಿತು. ಬ್ರಾಕೆಟಿನೊಳಗಿನ ಆ ಕೋನಗಳೆಲ್ಲ ಅದು ಹಲ್ಲಿನ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಕೂರುತ್ತದೆ ಎಂದು ನಂಬಿ ಮಾಡಿದ ಲೆಕ್ಕ. ಜಾಗ ತಪ್ಪಿದರೆ ನೆಟ್ಟಗಿನ ತಂತಿ ಆ ತಪ್ಪನ್ನೇ ಶಿರಸಾವಹಿಸಿ ಪಾಲಿಸುತ್ತದೆ.

ತಪ್ಪುಗಳಲ್ಲಿ ಬಗೆಗಳಿವೆ. ಬ್ರಾಕೆಟ್ ಹಲ್ಲಿನ ಅಗಲದಲ್ಲಿ ಎಡಕ್ಕೋ ಬಲಕ್ಕೋ ಸರಿದರೆ ಹಲ್ಲು ತನ್ನ ಸುತ್ತ ತಿರುಗುತ್ತದೆ. ದುಂಡಗಿನ ಮೈಯ ಕೋರೆಹಲ್ಲಿನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಬ್ರಾಕೆಟ್ ಓರೆಯಾಗಿ ಕೂತರೆ ಹಲ್ಲಿನ ತಲೆ ಸಾಲಿನಲ್ಲಿದ್ದರೂ ಬೇರು ಪಕ್ಕದ ಬೇರಿನತ್ತ ವಾಲುತ್ತದೆ. ಅಂಟು ಒಂದು ಬದಿಗೆ ದಪ್ಪವಾದರೆ ಅದೂ ಹಲ್ಲನ್ನು ತಿರುಗಿಸುತ್ತದೆ. ಇವೆಲ್ಲ ಒಂದು ತೂಕ, ಎತ್ತರದ ತಪ್ಪು ಇನ್ನೊಂದು ತೂಕ. ಅದು ಎರಡು ಕಡೆಯಿಂದ ಹೊಡೆಯುತ್ತದೆ. ಬ್ರಾಕೆಟ್ ವಸಡಿನ ಕಡೆಗೆ ಅರ್ಧ ಮಿಲಿಮೀಟರ್ ಜಾಸ್ತಿ ಸರಿದರೆ ಆ ಹಲ್ಲು ಪಕ್ಕದ ಹಲ್ಲಿಗಿಂತ ಅಷ್ಟು ಹೊರಗೆ ಇಳಿಯುತ್ತದೆ. ಪಕ್ಕದ ಹಲ್ಲಿನ ಬ್ರಾಕೆಟ್ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದ್ದರೆ ಎರಡರ ನಡುವೆ ಒಂದು ಮಿಲಿಮೀಟರಿನ ಮೆಟ್ಟಿಲು. ಮುಂಭಾಗದ ಹಲ್ಲುಗಳ ಅಂಚಿನಲ್ಲಿ ಅಷ್ಟು ವ್ಯತ್ಯಾಸವಿದ್ದರೆ ನಗುವಾಗ ಯಾರಿಗಾದರೂ ಕಾಣುತ್ತದೆ. ಇದು ಮೊದಲನೆಯ ಪೆಟ್ಟು. ಹಲ್ಲಿನ ಮುಂಭಾಗ ಸಪಾಟಾಗಿಲ್ಲ, ಮೇಲಿಂದ ಕೆಳಕ್ಕೆ ಬಾಗಿದೆ. ಬ್ರಾಕೆಟಿನ ತಳ ಆ ಬಾಗಿದ ಮೈಗೆ ಅಂಟಿಕೊಳ್ಳುವುದರಿಂದ, ಎತ್ತರ ಬದಲಾದರೆ ಗಾಡಿಯ ಓರೆಯೂ ಬದಲಾಗುತ್ತದೆ. ನಾವು ಟಾರ್ಕ್ ಎನ್ನುವ ಬೇರಿನ ಒಳಹೊರಗಿನ ಕೋನ ಹೀಗೆ ಸದ್ದಿಲ್ಲದೆ ಕೆಡುತ್ತದೆ. ಇದು ಎರಡನೆಯದು. ಉಪಕರಣಗಳ ಇತಿಹಾಸ ಬಹುಮಟ್ಟಿಗೆ ಎತ್ತರ ಅಳೆಯುವ ಪ್ರಯತ್ನದ ಇತಿಹಾಸವಾಗಿರುವುದಕ್ಕೆ ಕಾರಣ ಇಲ್ಲೇ ಇದೆ.

ಎಷ್ಟು ತಪ್ಪನ್ನು ಸಹಿಸಬಹುದು? ಅಮೆರಿಕನ್ ಬೋರ್ಡ್ ಆಫ್ ಆರ್ಥೊಡಾಂಟಿಕ್ಸ್ ಮುಗಿದ ಚಿಕಿತ್ಸೆಗಳಿಗೆ ಅಂಕ ಕೊಡುವ ಕ್ರಮದಲ್ಲಿ ಹಲ್ಲುಗಳ ಸಾಲು ಅರ್ಧ ಮಿಲಿಮೀಟರಿಗಿಂತ ಹೆಚ್ಚು ತಪ್ಪಿದರೆ ಅಂಕ ಕಳೆಯಲಾಗುತ್ತದೆ. ಬ್ರಾಕೆಟಿನ ಸ್ಥಾನವನ್ನು ಅಳೆಯುವ ಅನೇಕ ಅಧ್ಯಯನಗಳೂ ಅರ್ಧ ಮಿಲಿಮೀಟರ್ ಮತ್ತು 2 ಡಿಗ್ರಿಯನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತವೆ. ಹೋಲಿಕೆಗೆ ಹೇಳುವುದಾದರೆ, ಬ್ರಾಕೆಟಿನಲ್ಲಿ ತಂತಿ ಕೂರುವ ಗಾಡಿಯ ಎತ್ತರವೇ 0.022 ಇಂಚು, ಅಂದರೆ ಸುಮಾರು 0.56 ಮಿಲಿಮೀಟರ್. ಒಂದು ಗಾಡಿಯಷ್ಟು ಜಾಗ ತಪ್ಪಿದರೂ ನಾವು ಗಡಿ ದಾಟಿದ್ದೇವೆ.

ಈಗ ಗೇಜುಗಳ ಮಾತು. ಹೆಚ್ಚು ಪರಿಚಿತವಾದದ್ದು ಬೂನ್ ಗೇಜ್: ನಕ್ಷತ್ರದಂತೆ ನಾಲ್ಕು ತೋಳು, ಒಂದೊಂದು ತೋಳಿಗೆ 3.5, 4, 4.5, 5 ಮಿಲಿಮೀಟರ್ ಎಂದು ಒಂದೊಂದು ಅಳತೆ. ತೋಳಿನ ಒಂದು ಭಾಗ ಹಲ್ಲಿನ ಅಂಚಿಗೆ ತಾಗಬೇಕು, ತುದಿ ಗಾಡಿಯೊಳಗೆ ಕೂರಬೇಕು. ಇನ್ನೊಂದು ಬಗೆಯವು ಕಡ್ಡಿಯಂಥ ಗೇಜುಗಳು, ಎರಡು ತುದಿಗೆ ಎರಡು ಅಳತೆ. ಮೆಕ್‌ಲಾಫ್ಲಿನ್, ಬೆನೆಟ್, ಟ್ರೆವಿಸಿ ಈ ಮೂವರ ಹೆಸರಿನ ಮೊದಲಕ್ಷರಗಳಿಂದ ಎಂಬಿಟಿ ಎಂದು ಕರೆಯಲಾಗುವ ಪದ್ಧತಿಯೊಂದಿಗೆ ಇವು ಹೆಚ್ಚು ಪ್ರಚಾರಕ್ಕೆ ಬಂದವು. ಅವರ ಕೋಷ್ಟಕದಲ್ಲಿ ಸರಾಸರಿ ಗಾತ್ರದ ಹಲ್ಲಿನವರಿಗೆ ಮೇಲಿನ ಮಧ್ಯದ ಬಾಚಿಹಲ್ಲಿಗೆ 5, ಅದರ ಪಕ್ಕದ್ದಕ್ಕೆ 4.5, ಕೋರೆಹಲ್ಲಿಗೆ 5 ಮಿಲಿಮೀಟರ್. ಹಲ್ಲು ದೊಡ್ಡದಾದರೆ ಒಂದು ಸಾಲು ಮೇಲೆ, ಚಿಕ್ಕದಾದರೆ ಒಂದು ಸಾಲು ಕೆಳಗೆ ನೋಡಬೇಕು.

ಇದರ ಹಿಂದೆ ಒಂದು ವಾದವಿದೆ. ಆ್ಯಂಡ್ರ್ಯೂಸ್ ಹೇಳಿದ್ದು ಬೇರೆ: ಬಾಯಿಯಲ್ಲಿ ಕಾಣುವ ಹಲ್ಲಿನ ಮುಖದ ನಡುಬಿಂದುವನ್ನು ಕಣ್ಣಳತೆಯಲ್ಲಿ ಗುರುತಿಸಿ ಅಲ್ಲಿ ಬ್ರಾಕೆಟ್ ಇಡಿ. ನಡು ಗುರುತಿಸುವುದರಲ್ಲಿ ಮನುಷ್ಯನ ಕಣ್ಣು ಚುರುಕು ಎಂಬುದು ಆ ನಂಬಿಕೆ. ಚೆನ್ನಾಗಿ ಹುಟ್ಟಿಬಂದ, ವಸಡು ಆರೋಗ್ಯವಾಗಿರುವ ಹಲ್ಲಿನಲ್ಲಿ ಅದು ಸುಳ್ಳೇನಲ್ಲ. ತೊಂದರೆ ಬರುವುದು ವಸಡು ಊದಿಕೊಂಡಾಗ, ಇಲ್ಲವೇ ಹಲ್ಲು ಅರ್ಧ ಮಾತ್ರ ಹೊರಬಂದಿದ್ದಾಗ. ಕಾಣುವ ಭಾಗ ಗಿಡ್ಡವಾಗಿರುವುದರಿಂದ ನಡು ಎಂದು ತೋರುವ ಜಾಗ ಅಂಚಿಗೆ ಹತ್ತಿರವಾಗುತ್ತದೆ, ಬ್ರಾಕೆಟ್ ಅಂಚಿನತ್ತ ಜಾರುತ್ತದೆ. ಅಂಚಿನಿಂದ ಅಳೆಯುವ ಗೇಜಿಗೆ ವಸಡಿನ ಹಂಗಿಲ್ಲ. ಅದರ ಕುರುಡು ಬೇರೆ ಕಡೆ ಇದೆ: ಅಂಚು ಸವೆದಿದ್ದರೆ, ಮುರಿದಿದ್ದರೆ, ಕೋರೆಹಲ್ಲಿನ ಮೊನೆ ವಿಪರೀತ ಚೂಪಾಗಿದ್ದರೆ ಗೇಜು ತಪ್ಪು ಜಾಗವನ್ನು ಬಲು ನಿಖರವಾಗಿ ತೋರಿಸುತ್ತದೆ.

ಗೇಜನ್ನು ಹಿಡಿಯುವ ಬಗೆಯಲ್ಲೂ ಪೇಚುಗಳಿವೆ. ಮುಂಭಾಗದ ಬಾಚಿಹಲ್ಲುಗಳಲ್ಲಿ ಅದನ್ನು ಹಲ್ಲಿನ ಮುಖಕ್ಕೆ ಲಂಬವಾಗಿ ಹಿಡಿಯಬೇಕು. ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳಲ್ಲಿ ಕಚ್ಚುವ ಸಮತಲಕ್ಕೆ ಸಮಾನಾಂತರವಾಗಿ. ದವಡೆ ಹಲ್ಲಿನಲ್ಲಿ ಆ ಹಲ್ಲಿನದೇ ಕಚ್ಚುಮೈಗೆ ಸಮಾನಾಂತರವಾಗಿ. ಕೈ ಒಂದಿಷ್ಟು ವಾಲಿದರೆ 4.5 ಎಂದು ಬರೆದಿರುವ ಗೇಜು 4.5 ಕೊಡುವುದಿಲ್ಲ. ವೈದ್ಯರು ರೋಗಿಯ ತಲೆಯ ಹಿಂದೆ ಕೂತು ನೋಡುತ್ತಿರುತ್ತಾರೆ. ಆ ಕೋನದಿಂದ ಎಡದವಡೆಯೂ ಬಲದವಡೆಯೂ ಒಂದೇ ಥರ ಕಾಣುವುದಿಲ್ಲ. ಹಾಗಾಗಿ ಪ್ರತಿ ಹಲ್ಲನ್ನೂ ನೇರ ಎದುರಿನಿಂದ ಮತ್ತು ಕನ್ನಡಿಯಲ್ಲಿ ಕಚ್ಚುಮೈ ಕಡೆಯಿಂದ, ಎರಡು ಸಲ ನೋಡುವುದು ಯಾವ ದುಬಾರಿ ಉಪಕರಣಕ್ಕೂ ಕಡಿಮೆಯಲ್ಲದ ಅಭ್ಯಾಸ. ಗೇಜು ಎತ್ತರವನ್ನಷ್ಟೇ ಹೇಳುತ್ತದೆ. ಅಗಲದ ನಡು, ಓರೆ, ಅಂಟಿನ ದಪ್ಪ ಈ ಮೂರಕ್ಕೂ ಈ ಕನ್ನಡಿಯೇ ಗತಿ. ಬ್ರಾಕೆಟಿನ ಮೈಮೇಲೆ ಗೀರಿರುವ ಉದ್ದಗೆರೆಯನ್ನು ಹಲ್ಲಿನ ಉದ್ದಕ್ಕೆ ಹೊಂದಿಸಿ ನೋಡುವುದು ಅಲ್ಲಿಯೇ.

ವಿದ್ಯಾರ್ಥಿಯಾಗಿದ್ದಾಗ ಟೈಪೊಡಾಂಟ್ ಮೇಲೆ ಕೆಲಸ ಮಾಡಿದ್ದು ನನಗೆ ಇವತ್ತಿಗೂ ನೆನಪಿದೆ. ಮೇಣದಲ್ಲಿ ನೆಟ್ಟ ಕೃತಕ ಹಲ್ಲುಗಳಿಗೆ ಬ್ರಾಕೆಟ್ ಅಂಟಿಸಿ, ತಂತಿ ಕಟ್ಟಿ, ಬಿಸಿನೀರಿನಲ್ಲಿ ಮುಳುಗಿಸುತ್ತಿದ್ದೆವು. ಮೇಣ ಮೆತ್ತಗಾಗಿ ಹಲ್ಲುಗಳು ಸರಿಯುತ್ತಿದ್ದವು. ಬಾಯಿಯಲ್ಲಿ ತಿಂಗಳುಗಟ್ಟಲೆ ಹಿಡಿಯುವ ಚಲನೆ ಅಲ್ಲಿ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಗೇಜು ಹಿಡಿದೇ ಇಟ್ಟ ನನ್ನ ಬ್ರಾಕೆಟ್‌ಗಳಿಂದ ಒಂದು ಕೋರೆಹಲ್ಲು ಪೂರ್ತಿ ತಿರುಗಿ ನಿಂತಿತ್ತು. ಎತ್ತರ ಸರಿಯಿತ್ತು, ನಡು ತಪ್ಪಿತ್ತು. ಅಳೆದದ್ದರಲ್ಲಿ ತಪ್ಪಾಗದೆ, ಅಳೆಯದೆ ಬಿಟ್ಟದ್ದರಲ್ಲಿ ತಪ್ಪಾಗುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ.

ಹಲ್ಲಿನ ಬೇರು ಕಣ್ಣಿಗೆ ಕಾಣದಿರುವುದು ಇನ್ನೊಂದು ಮಿತಿ. ತಲೆಯ ಉದ್ದಗೆರೆಯೂ ಬೇರಿನ ಉದ್ದಗೆರೆಯೂ ಒಂದೇ ಎಂದು ನಂಬಿ ಬ್ರಾಕೆಟ್ ಇಡುತ್ತೇವೆ, ಆದರೆ ಕೆಲವು ಹಲ್ಲುಗಳಲ್ಲಿ ಬೇರು ತಲೆಯಿಂದ ಓರೆಯಾಗಿ ಇಳಿದಿರುತ್ತದೆ. ಇಡೀ ದವಡೆಯ ಎಕ್ಸ್‌ರೇ ಪಕ್ಕದಲ್ಲಿದ್ದರೆ ಎಚ್ಚರ ಸಿಗುತ್ತದೆ. ಅದರಲ್ಲೂ ಚಿತ್ರ ಹಿಗ್ಗುವ, ಓರೆಯಾಗುವ ದೋಷವಿರುವುದರಿಂದ ಅದನ್ನೇ ಅಳತೆಗೋಲಾಗಿ ಬಳಸುವಂತಿಲ್ಲ.

ಬಾಯಿಯಲ್ಲಿ ಕೂತು ಈ ಇಕ್ಕಟ್ಟಿನಲ್ಲಿ ನಿರ್ಧರಿಸುವುದಕ್ಕಿಂತ ಮೇಜಿನ ಮೇಲೆ ನಿಧಾನವಾಗಿ ನಿರ್ಧರಿಸಿದರೆ ಹೇಗೆ ಎಂಬ ಯೋಚನೆ ಹೊಸದೇನಲ್ಲ. ಬ್ಯುನೊಕೋರ್ 1955ರಲ್ಲಿ ಹಲ್ಲಿನ ಹೊರಪದರವಾದ ಎನಾಮೆಲನ್ನು ಆಮ್ಲದಿಂದ ಒರಟಾಗಿಸಿದರೆ ಅಂಟು ಹಿಡಿಯುತ್ತದೆಂದು ತೋರಿಸಿದ ಮೇಲೆ, ಪ್ರತಿ ಹಲ್ಲಿಗೂ ಲೋಹದ ಉಂಗುರ ತೊಡಿಸುವ ಕಾಲ ಮುಗಿಯುತ್ತ ಬಂತು. ಬ್ರಾಕೆಟ್ ನೇರವಾಗಿ ಹಲ್ಲಿಗೆ ಅಂಟತೊಡಗಿದ ಹೊತ್ತಿನಲ್ಲೇ, 1972ರಲ್ಲಿ, ಸಿಲ್ವರ್‌ಮನ್ ಮತ್ತು ಕೋಹೆನ್ ಪರೋಕ್ಷ ಅಂಟಿಸುವಿಕೆಯನ್ನು ವಿವರಿಸಿದರು. ರೋಗಿಯ ಹಲ್ಲಿನ ಪ್ಲಾಸ್ಟರ್ ಅಚ್ಚಿನ ಮೇಲೆ ಬ್ರಾಕೆಟ್‌ಗಳನ್ನು ಕೂರಿಸಿ, ಅದರ ಮೇಲೆ ಟ್ರೇ ಮಾಡಿ, ಬ್ರಾಕೆಟ್‌ಗಳ ಸಮೇತ ಆ ಟ್ರೇಯನ್ನು ಬಾಯಿಗೆ ಒಯ್ಯುವ ವಿಧಾನ ಅದು. 1979ರಲ್ಲಿ ಥಾಮಸ್ ಇದಕ್ಕೆ ಒಂದು ಮುಖ್ಯ ತಿದ್ದುಪಡಿ ತಂದರು: ಅಚ್ಚಿನ ಮೇಲೆಯೇ ಅಂಟನ್ನು ಗಟ್ಟಿಯಾಗಿಸಿ, ಪ್ರತಿ ಬ್ರಾಕೆಟಿಗೂ ಆ ಹಲ್ಲಿನ ಮೈಗೆ ಒಪ್ಪುವ ತಳ ಮಾಡಿಕೊಳ್ಳುವುದು.

ಪ್ಲಾಸ್ಟರ್ ಅಚ್ಚನ್ನು ಕೈಯಲ್ಲಿ ಹಿಡಿದು ಎಲ್ಲ ಕಡೆಯಿಂದ ತಿರುಗಿಸಿ ನೋಡಬಹುದು. ಪೆನ್ಸಿಲಿನಲ್ಲಿ ಹಲ್ಲಿನ ಉದ್ದಗೆರೆ ಎಳೆಯಬಹುದು. ಹಿಂದಿನ ಹಲ್ಲುಗಳಲ್ಲಿ ಅಕ್ಕಪಕ್ಕದ ಅಂಚುದಿಬ್ಬಗಳನ್ನು (ಕಚ್ಚುಮೈಯ ಎರಡು ಬದಿಯ ಏಣುಗಳನ್ನು) ಸೇರಿಸಿ ಗೆರೆ ಎಳೆದು, ಅದರಿಂದ ಎತ್ತರ ನಿರ್ಧರಿಸಬಹುದು. ಮೊನೆಯಿಂದ ಅಳೆಯುವುದಕ್ಕಿಂತ ಇದು ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ, ಏಕೆಂದರೆ ಚಿಕಿತ್ಸೆ ಮುಗಿದಾಗ ಒಂದೇ ಮಟ್ಟಕ್ಕೆ ಬರಬೇಕಾದವು ಆ ದಿಬ್ಬಗಳೇ. ಬಾಯಿಯೊಳಗೆ ಅವುಗಳ ಮೇಲೆ ಗೆರೆ ಎಳೆಯುವುದು ಆಗದ ಮಾತು.

ಡಿಜಿಟಲ್ ಟ್ರೇ ಇದೇ ವಿಚಾರದ ಮುಂದಿನ ಹೆಜ್ಜೆ. ಬಾಯಿಯನ್ನು ಸ್ಕ್ಯಾನರಿನಿಂದ ಚಿತ್ರಿಸಿ, ತೆರೆಯ ಮೇಲೆ ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ತಂತ್ರಾಂಶದಲ್ಲಿ ಬ್ರಾಕೆಟ್ ಇಟ್ಟು, ತ್ರೀಡಿ ಮುದ್ರಕದಲ್ಲಿ ಟ್ರೇ ತೆಗೆಯುತ್ತಾರೆ. ಇದರ ದೊಡ್ಡ ಲಾಭ ನಿಖರತೆಗಿಂತಲೂ ಇನ್ನೊಂದು ಎಂದು ನನ್ನ ಎಣಿಕೆ: ಹಲ್ಲುಗಳನ್ನು ಕೊನೆಯ ಸ್ಥಾನಕ್ಕೆ ಸರಿಸಿ ನೋಡಿ, ಅಲ್ಲಿಂದ ಹಿಂದಕ್ಕೆ ಬಂದು ಬ್ರಾಕೆಟಿನ ಜಾಗ ನಿಗದಿಮಾಡಬಹುದು. ಇದೇ ಎತ್ತರದಲ್ಲಿ ಇಟ್ಟರೆ ಕೊನೆಗೆ ಮೆಟ್ಟಿಲು ಬರುತ್ತದೆ ಎಂದು ಅಂಟಿಸುವ ಮೊದಲೇ ಕಾಣುತ್ತದೆ. ಟೈಪೊಡಾಂಟಿನ ಬಿಸಿನೀರನ್ನು ಪ್ರತಿ ರೋಗಿಗೂ ಮುಂಚಿತವಾಗಿ ಮಾಡಿ ನೋಡಿದಂತೆ. ಕುರ್ಚಿಯಲ್ಲಿ ಬಾಯಿ ತೆರೆದು ಕೂರುವ ಹೊತ್ತೂ ಕಡಿಮೆಯಾಗುತ್ತದೆ. ಪ್ರಯೋಗಾಲಯದ ಮತ್ತು ತಂತ್ರಾಂಶದ ಹೊತ್ತು ಸೇರಿಸಿದರೆ ಒಟ್ಟು ಶ್ರಮ ಕಡಿಮೆಯಾಗದಿರಬಹುದು.

ಹಾಗಾದರೆ ಟ್ರೇ ಎಷ್ಟು ನಿಷ್ಠೆಯಿಂದ ಬ್ರಾಕೆಟನ್ನು ದಾಟಿಸುತ್ತದೆ? ತೆರೆಯ ಮೇಲಿನ ಜಾಗಕ್ಕೂ ಬಾಯಿಯಲ್ಲಿ ಕೂತ ಜಾಗಕ್ಕೂ ಹೋಲಿಸಿದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಉದ್ದ, ಅಗಲ, ಎತ್ತರದ ವ್ಯತ್ಯಾಸ ಅರ್ಧ ಮಿಲಿಮೀಟರಿನ ಒಳಗೇ ಉಳಿಯುತ್ತದೆ. ಕೋನಗಳಲ್ಲಿ ಅಷ್ಟು ನೆಮ್ಮದಿಯಿಲ್ಲ. ಟಾರ್ಕಿನಲ್ಲಿ ತಪ್ಪು ಹೆಚ್ಚು. ಕಾರಣಗಳು ತೀರಾ ಸಾಮಾನ್ಯವಾದವು. ಟ್ರೇ ಹಿಂಬದಿಯಲ್ಲಿ ಪೂರ್ತಿ ಕೂರದಿರುವುದು, ಬೆರಳೊತ್ತಡ ಎಲ್ಲ ಕಡೆ ಒಂದೇ ಆಗದಿರುವುದು, ತಳದಲ್ಲಿ ಅಂಟು ಜಾಸ್ತಿಯಾಗುವುದು, ಬ್ರಾಕೆಟ್ ಟ್ರೇಯ ಗೂಡಿನಲ್ಲಿ ಸಡಿಲವಾಗಿರುವುದು. ಟ್ರೇ ಗಟ್ಟಿಯಾದರೆ ಜಾಗ ಬಿಡದೆ ಹಿಡಿಯುತ್ತದೆ, ತೆಗೆಯುವಾಗ ಬ್ರಾಕೆಟನ್ನೂ ಎಳೆದುಕೊಂಡು ಬರುವ ಭಯ. ಮೆತ್ತಗಾದರೆ ಸುಲಭವಾಗಿ ಬಿಟ್ಟುಕೊಡುತ್ತದೆ, ಒತ್ತಿದಾಗ ಬಾಗುತ್ತದೆ. ಹಲ್ಲಿನ ಸಾಲು ತೀರಾ ಒತ್ತೊತ್ತಾಗಿರುವವರಲ್ಲಿ ಇಡೀ ಸಾಲಿಗೆ ಒಂದೇ ಟ್ರೇ ಮಾಡುವ ಬದಲು ತುಂಡು ತುಂಡಾಗಿ ಮಾಡುವುದು ಈ ಕಾರಣಕ್ಕೆ. ಎಂಜಲು ಒಂದು ಹನಿ ಸೇರಿದರೆ ಯಾವ ಟ್ರೇಯೂ ಕಾಪಾಡಲಾರದು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಜಾಹೀರಾತುಗಳಲ್ಲಿ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಮಾತು ಬರುತ್ತದೆ. ಆದರೆ 0.022 ಇಂಚಿನ ಗಾಡಿಯಲ್ಲಿ ನಾವು ಸಾಮಾನ್ಯವಾಗಿ ಕೊನೆಯ ಹಂತದಲ್ಲಿ ಹಾಕುವ 0.019 × 0.025 ಇಂಚಿನ ತಂತಿ ಬಿಗಿಯಾಗಿ ಕೂರುವುದಿಲ್ಲ. ಹತ್ತು ಡಿಗ್ರಿಯ ಆಸುಪಾಸು ಅತ್ತಿತ್ತ ಹೊರಳಿದ ಮೇಲೆ ಮಾತ್ರ ಅದು ಗಾಡಿಯ ಗೋಡೆಗಳನ್ನು ಹಿಡಿದು ಟಾರ್ಕ್ ಕೊಡಲು ಶುರುಮಾಡುತ್ತದೆ. ಟಾರ್ಕಿನ ಮಟ್ಟಿಗೆ ಒಂದೆರಡು ಡಿಗ್ರಿಯ ನಿಖರತೆಯನ್ನು ಈ ಸಡಿಲವೇ ನುಂಗಿಹಾಕುತ್ತದೆ. ಎತ್ತರ, ಓರೆ ಮತ್ತು ತಿರುವಿನಲ್ಲಿ ಹಾಗಲ್ಲ, ಅಲ್ಲಿ ಇಟ್ಟ ತಪ್ಪು ಬಹುಪಾಲು ಹಾಗೆಯೇ ಹಲ್ಲಿಗೆ ಇಳಿಯುತ್ತದೆ. ಆದ್ದರಿಂದ ಉಪಕರಣ ಕೊಳ್ಳುವವರು ಕೇಳಬೇಕಾದದ್ದು ಅದು ಸರಾಸರಿ ಎಷ್ಟು ಮೈಕ್ರಾನ್ ತಪ್ಪುತ್ತದೆ ಎಂದಲ್ಲ. ಯಾವ ದಿಕ್ಕಿನಲ್ಲಿ ತಪ್ಪುತ್ತದೆ, ಹಿಂದಿನ ಹಲ್ಲುಗಳಲ್ಲಿ ಎಷ್ಟು ತಪ್ಪುತ್ತದೆ ಎಂದು.

ಹಲ್ಲಿನ ಒಳಬದಿಗೆ, ಅಂದರೆ ನಾಲಗೆಯ ಕಡೆ ಅಂಟಿಸುವ ಬ್ರಾಕೆಟ್‌ಗಳಲ್ಲಿ ಈ ಚರ್ಚೆಗೆ ಜಾಗವೇ ಇಲ್ಲ. 1970ರ ದಶಕದಲ್ಲಿ ಜಪಾನಿನ ಫುಜಿತಾ, ಅಮೆರಿಕದ ಕರ್ಟ್ಸ್ ಬೇರೆ ಬೇರೆಯಾಗಿ ಬೆಳೆಸಿದ ಈ ವಿಧಾನದಲ್ಲಿ ಹಲ್ಲಿನ ಒಳಮೈ ಒಬ್ಬರದು ಇನ್ನೊಬ್ಬರಂತಿರುವುದಿಲ್ಲ, ಕಣ್ಣಿಗೂ ನೇರ ಸಿಗುವುದಿಲ್ಲ. ಕಣ್ಣಳತೆಯಲ್ಲಿ ಅಲ್ಲಿ ಬ್ರಾಕೆಟ್ ಇಡಲು ಹೊರಡುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಅಲ್ಲಿ ಅಚ್ಚು ಮತ್ತು ಟ್ರೇ ಅನಿವಾರ್ಯ. ಹೊರಬದಿಯ ಬ್ರಾಕೆಟ್‌ಗಳಲ್ಲಿ ಹಾಗೆ ಹೇಳಲು ನನ್ನ ಕೈಯಲ್ಲಾಗದು. ನೇರವಾಗಿ ಅಂಟಿಸಿದ್ದಕ್ಕೂ ಟ್ರೇಯಿಂದ ಅಂಟಿಸಿದ್ದಕ್ಕೂ ಸರಾಸರಿಯಲ್ಲಿ ಇರುವ ವ್ಯತ್ಯಾಸ ಚಿಕ್ಕದು. ಪಳಗಿದ ಕೈ ಗೇಜು ಮತ್ತು ಕನ್ನಡಿಯಿಂದಲೇ ಬಹಳ ದೂರ ಹೋಗಬಲ್ಲದು.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ, ಜಾಗ ಯಾವುದು ಎಂಬ ಪ್ರಶ್ನೆಗೆ. ಮೇಲಿನ ಹಲ್ಲುಗಳು ಕೆಳಗಿನವನ್ನು ತೀರಾ ಮುಚ್ಚಿಕೊಂಡಿರುವ ರೋಗಿಯಲ್ಲಿ ಮುಂಭಾಗದ ಹಲ್ಲುಗಳ ಬ್ರಾಕೆಟನ್ನು ಅರ್ಧ ಮಿಲಿಮೀಟರ್ ಅಂಚಿನ ಕಡೆಗೆ ಇಡುವುದುಂಟು. ಕಚ್ಚಿದಾಗ ಮುಂಭಾಗ ತೆರೆದೇ ಉಳಿಯುವವರಲ್ಲಿ ಅರ್ಧ ಮಿಲಿಮೀಟರ್ ವಸಡಿನ ಕಡೆಗೆ. ಹುಟ್ಟಿನಿಂದಲೇ ಪಕ್ಕದ ಬಾಚಿಹಲ್ಲು ಇಲ್ಲದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕೋರೆಹಲ್ಲನ್ನು ಮುಂದೆ ತಂದು ಆ ಜಾಗದಲ್ಲಿ ನಿಲ್ಲಿಸಬೇಕಾಗಿದೆ. ಕೋರೆಹಲ್ಲಿನ ಕೋಷ್ಟಕದ ಅಳತೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಮೊನೆಯನ್ನು ಹೇಗೂ ಉಜ್ಜಿ ತಗ್ಗಿಸಬೇಕು. ನಗುವಾಗ ವಸಡಿನ ಅಂಚು ಪಕ್ಕದ ಹಲ್ಲುಗಳೊಂದಿಗೆ ಹೇಗೆ ಹೊಂದಬೇಕು ಎಂಬುದನ್ನು ನೋಡಿ ಬ್ರಾಕೆಟಿನ ಎತ್ತರ ನಿರ್ಧರಿಸುತ್ತೇವೆ. ಮುರಿದ ಅಂಚಿನ ಬಾಚಿಹಲ್ಲಿನಲ್ಲೂ ಹೀಗೆಯೇ: ಚಿಕಿತ್ಸೆ ಮುಗಿದ ಮೇಲೆ ಅದನ್ನು ತುಂಬಿಸಿ ಉದ್ದ ಮಾಡಲಾಗುತ್ತದೆಯೇ, ಅಥವಾ ಇದ್ದಷ್ಟೇ ಉಳಿಯುತ್ತದೆಯೇ ಎಂಬುದರ ಮೇಲೆ ಅಳತೆ ನಿಂತಿದೆ. ಈ ಉತ್ತರ ಹಲ್ಲಿನ ಸ್ಕ್ಯಾನಿನಲ್ಲಿ ಇಲ್ಲ, ರೋಗಿಯೊಂದಿಗೆ ಆಡಿದ ಮಾತಿನಲ್ಲಿದೆ.

ತಂತ್ರಾಂಶ ತೆರೆದ ಕೂಡಲೇ ಬ್ರಾಕೆಟ್‌ಗಳು ತಾವಾಗಿಯೇ ಒಂದು ಜಾಗದಲ್ಲಿ ಕೂತಿರುತ್ತವೆ. ಅಚ್ಚುಕಟ್ಟಾಗಿ ಕಾಣುತ್ತವೆ ಕೂಡ. ಆ ಅಚ್ಚುಕಟ್ಟೇ ನನಗೆ ಚಿಂತೆ ತರುವುದು. ಸರಾಸರಿ ಹಲ್ಲಿಗೆ ಮಾಡಿದ ಆ ಲೆಕ್ಕವನ್ನು ತಿದ್ದದೆ ಒಪ್ಪಿಗೆ ಒತ್ತಿದರೆ, ಮುಂದಿನ ಯಂತ್ರಗಳೆಲ್ಲ ಅದನ್ನು ಬಾಯಿಗೆ ಚಾಚೂ ತಪ್ಪದೆ ತಲುಪಿಸುತ್ತವೆ. ಹದಿಹರೆಯದವರಲ್ಲಿ ಅರ್ಧ ಹೊರಬಂದ ಕೆಳದವಡೆಯ ಎರಡನೇ ಕಿರುದವಡೆ ಹಲ್ಲನ್ನು ನೋಡಿ: ವಸಡಿನಡಿಯಲ್ಲಿ ಎಷ್ಟು ಅಡಗಿದೆ ಎಂಬುದನ್ನು ಸ್ಕ್ಯಾನರ್ ಕಾಣಲಾರದು, ತಂತ್ರಾಂಶ ಊಹಿಸುತ್ತದೆ. ಅಂಥ ಹಲ್ಲನ್ನು ಮೊದಲ ದಿನ ಬಿಟ್ಟು, ಕೆಲವು ತಿಂಗಳು ಕಳೆದು ಅಂಟಿಸುವುದು ಒಳ್ಳೆಯದು. ಟ್ರೇಯಲ್ಲಿ ಎಲ್ಲ ಹಲ್ಲಿಗೂ ಗೂಡು ಇದೆಯೆಂದು ಎಲ್ಲವನ್ನೂ ಒಂದೇ ದಿನ ಅಂಟಿಸಬೇಕಾಗಿಲ್ಲ.

ಎಷ್ಟೇ ಎಚ್ಚರ ವಹಿಸಿದರೂ ಕೆಲವು ಬ್ರಾಕೆಟ್‌ಗಳು ತಪ್ಪಿಯೇ ತಪ್ಪುತ್ತವೆ. ಶುರುವಿನಲ್ಲಿ ಹಲ್ಲು ತಿರುಗಿ ನಿಂತು ಮುಖವೇ ಸಿಗದಿದ್ದರೆ ಸರಿಯಾದ ಜಾಗಕ್ಕೆ ಯಾವ ಉಪಕರಣವೂ ತಲುಪುವುದಿಲ್ಲ. ಅದಕ್ಕಾಗಿಯೇ ಸಾಲು ಸಮವಾದ ಮೇಲೆ, ದಪ್ಪ ತಂತಿಗೆ ಹೋಗುವ ಮುನ್ನ, ಇನ್ನೊಂದು ಎಕ್ಸ್‌ರೇ ತೆಗೆದು ಬೇರುಗಳನ್ನು ನೋಡಿ, ಅಚ್ಚಿನಲ್ಲೋ ತೆರೆಯಲ್ಲೋ ಅಂಚುದಿಬ್ಬಗಳನ್ನು ಹೋಲಿಸಿ, ತಪ್ಪಿದ ಬ್ರಾಕೆಟ್‌ಗಳನ್ನು ಕಿತ್ತು ಮತ್ತೆ ಅಂಟಿಸುವ ಒಂದು ಭೇಟಿ ಇರಬೇಕು. ಗಟ್ಟಿಯಾಗಿ ಅಂಟಿದ್ದ ಬ್ರಾಕೆಟನ್ನು ವೈದ್ಯರೇ ಕಿತ್ತಾಗ ರೋಗಿಗಳು ಗಾಬರಿಯಾಗುತ್ತಾರೆ, ಮೊದಲೇ ಸರಿಯಾಗಿ ಇಡಬಾರದಿತ್ತೇ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆಗ ನಾನು ಮೊದಲ ದಿನದ ಫೋಟೊ ತೆರೆದು, ಆ ಹಲ್ಲು ಅಂದು ಹೇಗೆ ಅಡ್ಡ ತಿರುಗಿತ್ತು, ಬ್ರಾಕೆಟ್ ಇಡಲು ಎಷ್ಟು ಜಾಗ ಸಿಕ್ಕಿತ್ತು ಎಂದು ತೋರಿಸುತ್ತೇನೆ. ಆಮೇಲೆ ಗೇಜು ಎತ್ತಿಕೊಂಡು ಮತ್ತೆ ಅಳೆಯಲು ಶುರುಮಾಡುತ್ತೇನೆ.